ಹರಳೆಣ್ಣೆ ಹಚ್ಚಿದ ಕೈ

ನಮ್ಮ ಅತ್ತೆಯವರ ಬಲಗೈ ಮಣಿಕಟ್ಟಿನ ಮೇಲೆ ಒಂದು ಗಾಯದ ಕಲೆ ಇತ್ತು. ಎಳೆ ಹುಣಸೆಕಾಯಿಯಷ್ಟು ಉದ್ದ, ಅದರಷ್ಟೇ ಬಾಗು. ಗಾಜಿನ ಬಳೆಗಳು ಮೇಲಕ್ಕೆ ಸರಿದಾಗ ಮಾತ್ರ, ಹಿಟ್ಟು ನಾದುವಾಗಲೋ ಮಜ್ಜಿಗೆ ಕಡೆಯುವಾಗಲೋ ಕಾಣುತ್ತಿತ್ತು. ಯಾರಾದರೂ ಕೇಳಿದರೆ "ಈಳಿಗೆ ತಗುಲಿತು" ಎನ್ನುತ್ತಿದ್ದರು. ಈಳಿಗೆ ಮಣೆಗೆ ಮಣಿಕಟ್ಟು ಹೇಗೆ ತಗುಲೀತು ಎಂದು ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಒಬ್ಬ ಹೆಂಗಸೂ ಯೋಚಿಸಲಿಲ್ಲ. ಅದು ಮೈಸೂರಿನಲ್ಲಿ ನಾಟಕದ ಟಿಕೆಟ್ ಕಿಂಡಿಯಲ್ಲಿ ಆದ ಗಾಯ. ಆದಾಗ ಪಕ್ಕದಲ್ಲಿ ನಾನಿದ್ದೆ.

ಫೋನಿನಲ್ಲಿ ಕನ್ನಡ ಒತ್ತುವುದನ್ನು ಮರಿಮಗಳು ಈಚೆಗೆ ಕಲಿಸಿದ್ದಾಳೆ. ಒಂದು ಅಕ್ಷರ ಒತ್ತಿದರೆ ಅದೇ ಮುಂದಿನ ಮಾತನ್ನು ತೋರಿಸುತ್ತದೆ. ಅದು ತೋರಿಸಿದ್ದನ್ನು ಬಿಟ್ಟು ನನಗೆ ಬೇಕಾದ್ದನ್ನು ಒತ್ತುತ್ತೇನೆ. ಅತ್ತೆಯವರಿಂದ ಕಲಿತ ಗುಣ.

ಅವರು ಚನ್ನರಾಯಪಟ್ಟಣದ ಕಡೆಯ ಹೆಣ್ಣು. ಚಿಕ್ಕಂದಿನಲ್ಲಿ ಅಲ್ಲಿ ಯಾವುದೋ ಕಂಪನಿ ಡೇರೆ ಹಾಕಿದಾಗ ಅಜ್ಜಿಯ ಸೆರಗು ಹಿಡಿದು ಹೋಗಿ ನಾಟಕ ನೋಡಿದ್ದರಂತೆ. ಅಂದಿನಿಂದ ಹಿಡಿದ ಹುಚ್ಚು. ಆದರೆ ಅವರ ಲೆಕ್ಕದಲ್ಲಿ ನಾಟಕ ಎಂದರೆ ಮೈಸೂರಿನಲ್ಲಿ ಆಡಿದ್ದು ಮಾತ್ರ. "ನಮ್ಮೂರಿಗೆ ಬರೋ ಕಂಪನೀದು ಪರದೆ ಹರಿದಿರುತ್ತೆ. ಅರಮನೆ ಸೀನಲ್ಲಿ ತೂತಿನೊಳಗಿಂದ ಆಚೆ ಕಡೆ ಎತ್ತು ಕಾಣುತ್ತೆ" ಎನ್ನುತ್ತಿದ್ದರು.

ಮೈಸೂರಿಗೆ ಹೋಗಲು ಅವರಿಗೆ ಒಂದು ಕಾಯಿಲೆ ಇತ್ತು, ಕಣ್ಣುನೋವು. ಬೆಂಗಳೂರಿನಿಂದ ದೊಡ್ಡ ಕಂಪನಿ ಬಂದು ಮೈಸೂರಿನಲ್ಲಿ ತಗಡಿನ ಥೇಟರು ಕಟ್ಟಿದ ಸುದ್ದಿ ಕಿವಿಗೆ ಬಿದ್ದರೆ ಸಾಕು, ಅವರ ಕಣ್ಣು ಕೆಂಪಾಗುತ್ತಿತ್ತು. ಊರಿನ ವೈದ್ಯರ ಮದ್ದು ಹತ್ತುತ್ತಿರಲಿಲ್ಲ. ನಮ್ಮ ಮಾವನವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಬರೆಯುತ್ತಿದ್ದ ಕಾಗದದಿಂದ ತಲೆ ಎತ್ತದೆಯೇ, "ಯಾವ ಕಂಪನಿಯೇ ಬಂದಿರೋದು?" ಎಂದು ಕೇಳುತ್ತಿದ್ದರು.

"ಕಂಪನಿ ಸುದ್ದಿ ನನಗೇನು ಗೊತ್ತು? ಕಣ್ಣು ಉರಿಯುತ್ತೆ ಅಂದೆ."

"ಹಾಗಾದ್ರೆ ಭಾನುವಾರವೇ ಹೋಗು. ಭಾನುವಾರ ಡಾಕ್ಟರು ಇರಲ್ಲ. ಕಣ್ಣು ಬೇಗ ವಾಸಿಯಾಗುತ್ತೆ."

ಇಷ್ಟೇ ಅವರ ಜಗಳ.

ಟಿಕೆಟ್ ತರುವುದನ್ನು ಅತ್ತೆ ಯಾವ ಗಂಡಸಿಗೂ ವಹಿಸುತ್ತಿರಲಿಲ್ಲ. ಗಂಡಸರು ತಂದ ಟಿಕೆಟ್ಟಿಗೆ ಕಂಬದ ಹಿಂದಿನ ಜಾಗವೇ ಸಿಗುವುದು ಎಂದು ಅವರ ನಂಬಿಕೆ. ಹೆಂಗಸರ ಕಿಂಡಿ ಬೇರೆ ಇರುತ್ತಿತ್ತು. ತಗಡು ಕತ್ತರಿಸಿ ಮಾಡಿದ ಒಂದು ತೂತು, ಅದರ ಮುಂದೆ ಮೂವತ್ತು ನಲವತ್ತು ಹೆಂಗಸರು, ಎಲ್ಲರ ಕೈಯೂ ಅದೇ ತೂತಿನಲ್ಲಿ. ಬಳೆ ಒಡೆಯದೆ ಹಿಂದಿರುಗಿದವರಿಲ್ಲ. ಅತ್ತೆ ಮಾತ್ರ ಒಡೆದುಕೊಳ್ಳುತ್ತಿರಲಿಲ್ಲ. ಅವರದೊಂದು ಕ್ರಮವಿತ್ತು. ಮನೆಯಿಂದಲೇ ಸಣ್ಣ ಸೀಸೆಯಲ್ಲಿ ಹರಳೆಣ್ಣೆ ಒಯ್ಯುತ್ತಿದ್ದರು. ಬಲಗೈ ಬಳೆಗಳನ್ನು ಮೊಳಕೈವರೆಗೆ ಏರಿಸಿ, ಮೇಲೆ ಒಂದು ಬಟ್ಟೆ ಸುತ್ತಿ ಬಿಗಿಯಾಗಿ ಗಂಟು ಹಾಕುವುದು. ಅಂಗೈಯಿಂದ ಮೊಳಕೈವರೆಗೆ ಹರಳೆಣ್ಣೆ ಹಚ್ಚುವುದು. ಆಮೇಲೆ ಗುಂಪಿನ ಪಕ್ಕದಲ್ಲಿ ನಿಂತು, ಬೇರೆಯವರ ಕೈಗಳ ಸಂದಿಯಲ್ಲಿ ಹಾವಿನ ಹಾಗೆ ತಮ್ಮ ಕೈ ಜಾರಿಸುವುದು. ಒಳಗೆ ಟಿಕೆಟ್ ಹರಿಯುತ್ತಿದ್ದವನು ಎಣ್ಣೆ ಮುಟ್ಟಿ ಬೈಯುತ್ತಿದ್ದ. ಬೈಯುವಷ್ಟರಲ್ಲಿ ಟಿಕೆಟ್ ಅವರ ಮುಷ್ಟಿಯಲ್ಲಿರುತ್ತಿತ್ತು.

ಬೆಂಚಿನ ಎರಡನೇ ಸಾಲೇ ಆಗಬೇಕು. "ಮುಂದೆ ಕೂತರೆ ರಾಜನ ಕಾಲಿನ ಕಜ್ಜಿ ಕಾಣುತ್ತೆ. ಹಿಂದೆ ಕೂತರೆ ರಾಜನೇ ಕಾಣಲ್ಲ" ಎನ್ನುವುದು ಅವರ ಮಾತು.

ನಾನು ಆ ಮನೆಗೆ ಹೋದದ್ದು ಯುದ್ಧದ ಕಾಲದಲ್ಲಿ, ಹದಿನಾಲ್ಕು ತುಂಬಿದ ಮೇಲೆ. ತವರು ಅರಕಲಗೂಡು. ನನ್ನ ಯಜಮಾನರು ಬೆಂಗಳೂರಿನಲ್ಲಿ ಓದುತ್ತಿದ್ದರು, ಅವರಿಗೆ ಈ ಕಥೆಯಲ್ಲಿ ಕೆಲಸವಿಲ್ಲ. ಹೋದ ಹೊಸತರಲ್ಲಿ ನನಗೆ ಅಮ್ಮನನ್ನು ನೆನೆದು ಅಳುವುದೇ ಕೆಲಸ. ಅಕ್ಕಿ ಆರಿಸುವಾಗ ಅಳು, ದೀಪ ಹಚ್ಚುವಾಗ ಅಳು. ಅತ್ತೆ ಬೈಯಲಿಲ್ಲ. ಒಂದು ದಿನ ಮೊರವನ್ನು ಕೆಳಗಿಟ್ಟು, "ನೋಡು ಹುಡುಗಿ, ಗೌರಿ ಹಬ್ಬಕ್ಕೆ ನಿನ್ನನ್ನ ಅಮ್ಮನ ಹತ್ರ ಕಳಿಸ್ತೀನಿ. ಅಲ್ಲೀವರೆಗೂ ಅಳಬೇಡ. ಅಳದೇ ಇದ್ರೆ ಮೈಸೂರಿಗೆ ಕರ್ಕೊಂಡು ಹೋಗಿ ನಾಟಕ ತೋರಿಸ್ತೀನಿ" ಎಂದರು.

ನಾನು ನಾಟಕ ನೋಡಿದವಳೇ ಅಲ್ಲ. ಅಳು ನಿಂತಿತು. ನಿಲ್ಲಿಸಿದೆ ಎನ್ನುವುದೇ ಸರಿ. ಅಂದಿನಿಂದ ದಿನವೂ ಅತ್ತೆಯವರ ಕಣ್ಣು ಕೆಂಪಾಯಿತೇ ಎಂದು ನೋಡುವುದು ನನ್ನ ಕೆಲಸವಾಯಿತು.

ಕೊನೆಗೆ ಕೆಂಪಾಯಿತು. ಕಂಪನಿ ಬಂದಿತ್ತು. ಆದರೆ ನಾವು ಹೊರಡಲು ಏನಾದರೊಂದು ಅಡ್ಡಿ. ಒಮ್ಮೆ ಮನೆಗೆ ನೆಂಟರು, ಒಮ್ಮೆ ಅತ್ತೆಗೆ ಜ್ವರ. ಕಡೆಯ ಭಾನುವಾರ ಉಳಿಯಿತು. ಮಧ್ಯಾಹ್ನ ಹೆಂಗಸರಿಗೆಂದೇ ಒಂದು ಆಟ, ಮರುದಿನ ಥೇಟರು ಕೀಳುತ್ತಾರೆ ಎಂದು ಸುದ್ದಿ. ಮಾವನವರು ಕಚೇರಿ ಕೆಲಸದ ಮೇಲೆ ಹಳೇಕೋಟೆಗೆ ಹೋಗಿದ್ದರು. ಮನೆಯಲ್ಲಿ ನಾವಿಬ್ಬರೇ. ಬೆಳಗಿನ ರೈಲು ಹಿಡಿಯಬೇಕು. ಹಿತ್ತಿಲ ಕೋಣೆಯಲ್ಲಿ ಅತ್ತೆ ನನಗೆ ಜಡೆ ಹಾಕುತ್ತಿದ್ದರು. ಹೊರಗೆ ಯಾರೋ ಕೂಗಿದರು. ಅರ್ಧ ಹೆಣೆದ ಜಡೆಯನ್ನು ನನ್ನ ಕೈಗೇ ಕೊಟ್ಟು ಅವರು ಬಾಗಿಲಿಗೆ ಹೋದರು.

ಬಾಗಿಲಲ್ಲಿ ನಡೆದದ್ದು ನನಗೆ ಆಮೇಲೆ ತಿಳಿದದ್ದು. ಬಂದಿದ್ದವನು ನನ್ನ ತವರಿನ ಗದ್ದೆ ಕೆಲಸದ ಆಳು. ಅರಕಲಗೂಡಿನಿಂದ ರಾತ್ರಿಯೆಲ್ಲ ನಡೆದು ಬಂದಿದ್ದ. ಮದುವೆಯಲ್ಲಿ ನೋಡಿದ್ದರಿಂದ ಅತ್ತೆಗೆ ಗುರುತು ಸಿಕ್ಕಿತು.

"ಒಳಗೆ ಬಾರಪ್ಪ, ನೀರು ಕುಡಿ" ಎಂದರು.

"ಬ್ಯಾಡ ಕಣ್ರವ್ವ" ಎಂದು ಅವನು ಬೀದಿಯಲ್ಲೇ ನಿಂತ.

ನಮ್ಮ ಕಡೆ ಸಾವಿನ ಸುದ್ದಿ ತಂದವನು ಹೊಸಿಲು ದಾಟುವುದಿಲ್ಲ, ಕೊಟ್ಟ ನೀರು ಮುಟ್ಟುವುದಿಲ್ಲ. ಅತ್ತೆಗೆ ಅಷ್ಟು ಸಾಕಾಯಿತು. ಇನ್ನೊಂದು ಕಟ್ಟಳೆಯೂ ಇತ್ತು. ದೂರದಲ್ಲಿರುವವರಿಗೆ ಸೂತಕ ಹಿಡಿಯುವುದು ಸತ್ತ ಗಳಿಗೆಯಿಂದಲ್ಲ, ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ. ಕೇಳಿಸಿಕೊಂಡರೆ ಮೈಲಿಗೆ, ಕೇಳದಿದ್ದರೆ ಇಲ್ಲ. ನನ್ನ ತವರಿನಲ್ಲಿ ಅಪ್ಪನ ತಾಯಿ, ನನ್ನ ಅಜ್ಜಿ, ವರ್ಷದಿಂದ ಹಾಸಿಗೆ ಹಿಡಿದಿದ್ದಳು. ಇವತ್ತೋ ನಾಳೆಯೋ ಎಂದು ಎಲ್ಲರೂ ಕಾಯುತ್ತಿದ್ದರು. ಅತ್ತೆ ಅಲ್ಲೇ ನಿಂತು ಲೆಕ್ಕ ಹಾಕಿರಬೇಕು. ಮುದುಕಿ ಹೋಗಿದ್ದಾಳೆ. ಇವನು ಬಾಯಿ ಬಿಟ್ಟರೆ ಹುಡುಗಿಗೆ ಮೈಲಿಗೆ, ಥೇಟರಿಗೆ ಕಾಲಿಡುವಂತಿಲ್ಲ. ನಾಳೆ ಬಂದು ಕೇಳಿಸಿಕೊಂಡು ತಲೆಗೆ ನೀರು ಹಾಕಿಕೊಂಡರೆ ಏನು ಕೆಟ್ಟೀತು?

"ಅವ್ವಾರೆ, ಒಂದ್ ಮಾತು ಯೋಳ್ಬೇಕಿತ್ತು" ಎಂದ ಅವನು.

"ಹೇಳಬೇಡ. ನನಗೆ ಗೊತ್ತಾಯ್ತು. ಬಾಯಲ್ಲಿ ಆಡಬೇಡ, ಹೋಗಪ್ಪ. ನಾಳೆ ನಾನೇ ಕರ್ಕೊಂಡು ಬರ್ತೀನಿ."

ಅವನು ಸ್ವಲ್ಪ ಹೊತ್ತು ನಿಂತಿದ್ದನಂತೆ. ದೊಡ್ಡ ಮನೆಯ ಹೆಂಗಸು, ಗೊತ್ತು ಎನ್ನುತ್ತಿದ್ದಾರೆ. ಹೊರಟುಹೋದ.

ಅತ್ತೆ ಒಳಗೆ ಬಂದು ಮತ್ತೆ ಜಡೆ ಹಿಡಿದರು. ತುಂಬ ಬಿಗಿಯಾಗಿ ಹೆಣೆದರು, ಹುಬ್ಬು ಮೇಲಕ್ಕೆ ಎಳೆಯುವಷ್ಟು.

"ಯಾರು ಅತ್ತೆ ಬಂದಿದ್ದು?"

"ಗೊಬ್ಬರದವನು."

ರೈಲಿನಲ್ಲಿ ನಾನೇ ಮಾತನಾಡಿದೆ. ಕೃಷ್ಣರಾಜನಗರ ಬಂದಾಗ ಇದೇ ಮೈಸೂರೇ ಎಂದು ಕೇಳಿದೆ. ಮೈಸೂರು ಬಂದಾಗ ಕೇಳಲಿಲ್ಲ. ಅಷ್ಟು ಜನರನ್ನು ನೋಡಿ ಬಾಯಿ ಕಟ್ಟಿತ್ತು.

ಕಿಂಡಿಯ ಮುಂದೆ ಜನ ಕಿಕ್ಕಿರಿದಿದ್ದರು. ಅತ್ತೆ ನನ್ನನ್ನು ಒಂದು ಕಂಬದ ಪಕ್ಕ ನಿಲ್ಲಿಸಿ ಗುಂಪಿನೊಳಗೆ ಕೈ ಹಾಕಿದರು. ಬಳೆ ಏರಿಸಿ ಬಟ್ಟೆ ಕಟ್ಟಿರಲಿಲ್ಲ. ಎಣ್ಣೆಯನ್ನೂ ಹಚ್ಚಿರಲಿಲ್ಲ. ಸೀಸೆ ಅವರ ಚೀಲದಲ್ಲೇ, ಅಂದರೆ ನನ್ನ ಕೈಯಲ್ಲೇ ಇತ್ತು. ಅಷ್ಟು ವರ್ಷ ತಪ್ಪದ ಕ್ರಮ ಅಂದು ಅವರಿಗೆ ಮರೆತುಹೋಗಿತ್ತು. ಕೈ ಒಳಗೆ ಹೋಯಿತು, ಈಚೆಗೆ ಬರಲಿಲ್ಲ. ಹಿಂದಿನಿಂದ ಯಾರೋ ನೂಕಿದರು. ಬಳೆ ಚೂರಾದ ಸದ್ದು ನನಗೇ ಕೇಳಿಸಿತು. ಒಳಗಿನವನು, "ಕೈ ತೆಗೀರಮ್ಮ, ಟಿಕೆಟ್ಟೆಲ್ಲ ರಕ್ತ ಆಯ್ತು" ಎಂದು ಕೂಗಿದ.

ಅವರು ಈಚೆಗೆ ಬಂದಾಗ ಮುಷ್ಟಿಯಲ್ಲಿ ಎರಡು ಟಿಕೆಟ್ ಇದ್ದವು. ಮಣಿಕಟ್ಟಿನಿಂದ ರಕ್ತ ಇಳಿಯುತ್ತಿತ್ತು. ಸೆರಗಿನ ತುದಿಯನ್ನು ಸುತ್ತಿಕೊಂಡರು. ಬಳೆ ಒಡೆದದ್ದು ಅಪಶಕುನ. ಅದು ಅವರ ಮುಖದಲ್ಲಿ ಕಂಡಿತು.

"ಹುಡುಗಿ, ವಾಪಸ್ಸು ಹೋಗೋಣವೇನೇ?" ಎಂದರು.

"ಟಿಕೆಟ್ ಸಿಕ್ತಲ್ಲ ಅತ್ತೆ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ, "ಹೌದು, ಸಿಕ್ಕಿತು" ಎಂದು ಒಳಗೆ ಕರೆದುಕೊಂಡು ಹೋದರು. ಎರಡನೇ ಸಾಲು.

ಆ ನಾಟಕದಲ್ಲಿ ಒಬ್ಬ ರಾಣಿ. ಅವಳ ಮೇಲೆ ಯಾರೋ ಚಾಡಿ ಹೇಳುತ್ತಾರೆ, ರಾಜ ಕಾಡಿಗೆ ಅಟ್ಟುತ್ತಾನೆ. ಅರಮನೆಯ ಅಡುಗೆಭಟ್ಟ ಸೌಟು ಹಿಡಿದು ರಾಣಿಯ ಹಿಂದೆ ತಾನೂ ಕಾಡಿಗೆ ಹೊರಡುತ್ತಾನೆ. ಆ ಭಟ್ಟನ ಹಾಸ್ಯಕ್ಕೆ ನಾನು ನಕ್ಕೆ. ಹುಲಿಗೆ ಹೆದರಿ ಮರ ಹತ್ತಿ ಅಲ್ಲಿಂದಲೇ ಹುಳಿಗೆ ಒಗ್ಗರಣೆ ಹಾಕುವುದನ್ನು ಹೇಳಿಕೊಟ್ಟ. ಪಕ್ಕೆ ಹಿಡಿದುಕೊಂಡು ನಕ್ಕೆ, ಕಣ್ಣಲ್ಲಿ ನೀರು ಬಂತು. ನಡುವೆ ಒಮ್ಮೆ ಅತ್ತೆಯವರ ಕಡೆ ತಿರುಗಿದೆ. ಬಾಯಿ ಸ್ವಲ್ಪ ತೆರೆದು, ಕಣ್ಣು ನೆಟ್ಟು ಆಟ ನೋಡುತ್ತಿದ್ದರು. ನೋಡುತ್ತಿದ್ದಾರೆ ಎಂದೇ ನಾನು ತಿಳಿದೆ.

ನಾನು ನಗುತ್ತಿದ್ದ ಹೊತ್ತಿಗೆ ಅರಕಲಗೂಡಿನಲ್ಲಿ ಹೆಣ ಎತ್ತಿದ್ದರು.

ಅಂದು ರಾತ್ರಿ ಮೈಸೂರಿನಲ್ಲೇ ಅತ್ತೆಯವರ ಚಿಕ್ಕಮ್ಮನ ಮನೆಯಲ್ಲಿ ಮಲಗಿದ್ದು ಸೋಮವಾರ ಬೆಳಗಿನ ರೈಲಿಗೆ ಊರಿಗೆ ಬಂದೆವು. ಹೊಳೆನರಸೀಪುರದ ಸ್ಟೇಷನ್ನಿನಲ್ಲಿ ಮಾವನವರು ನಿಂತಿದ್ದರು. ಅವರು ಎಂದೂ ಸ್ಟೇಷನ್ನಿಗೆ ಬಂದವರಲ್ಲ. ಹಿಂದಿನ ಸಂಜೆ ಅವರು ಹಳೇಕೋಟೆಯಿಂದ ಮರಳುವ ಹೊತ್ತಿಗೆ ನನ್ನ ಸೋದರಮಾವ ಸೈಕಲ್ಲಿನಲ್ಲಿ ಬಂದು, ಹುಡುಗಿಯನ್ನೇಕೆ ಕಳಿಸಲಿಲ್ಲ ಎಂದು ಕೇಳಿ ಹೋಗಿದ್ದರು.

ಮಾವನವರ ಮುಖ ನೋಡಿದ ಕೂಡಲೇ ಅತ್ತೆ, "ಗೊತ್ತು. ಮುದುಕಿ ತಾನೇ?" ಎಂದರು.

"ಅಲ್ಲ" ಎಂದರು ಮಾವನವರು. "ಹುಡುಗಿ ತಾಯಿ. ಎರಡೇ ದಿನದ ಜ್ವರವಂತೆ. ನಿನ್ನೆ ಮಧ್ಯಾಹ್ನದವರೆಗೂ ಇವಳಿಗಾಗಿ ಇಟ್ಟುಕೊಂಡು ಕಾದರಂತೆ."

ನನಗೆ ಆಗ ಏನಾಯಿತು ಎಂದು ಕೇಳಿದರೆ ಏನೂ ಆಗಲಿಲ್ಲ. ಎಂಜಿನ್ನು ನೀರು ಕುಡಿಯುತ್ತಿತ್ತು. ಅದರ ಕೊಳವೆಯಿಂದ ನೀರು ತೊಟ್ಟಿಕ್ಕುವುದನ್ನು ನೋಡಿದೆ. ಮುಡಿದಿದ್ದ ಮೈಸೂರು ಮಲ್ಲಿಗೆಯನ್ನು ತೆಗೆದು ಎಲ್ಲಿ ಹಾಕಬೇಕು ಎಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡೆ. ಅಳು ಬರುತ್ತದೆ ಎಂದು ಕಾದೆ. ಬರಲಿಲ್ಲ. ಅಳಬೇಡ ಎಂದು ನಿಲ್ಲಿಸಿದ್ದು ನಿಂತೇ ಹೋಗಿತ್ತು.

ಅರಕಲಗೂಡಿಗೆ ಮೂವರೂ ಹೋದೆವು. ಒಳಗೆ ಹಾಸಿಗೆಯಿಂದ ಅಜ್ಜಿ, "ಯಾರು ಬಂದದ್ದು?" ಎಂದು ಕೂಗುತ್ತಿದ್ದಳು. ಅವಳು ಆಮೇಲೂ ನಾಲ್ಕು ವರ್ಷ ಬದುಕಿದಳು. ಜಗಲಿಯ ಕೆಳಗೆ ಆ ಆಳು ನಿಂತಿದ್ದ. ನನ್ನನ್ನು ನೋಡಿ, "ಅವ್ವಾರು ಗೊತ್ತಾಯ್ತು ಅಂದ್ರು ಕಣವ್ವ. ಗೊತ್ತಾದ್‌ಮ್ಯಾಕೆ ನಾನೇನ್ ಯೋಳ್ಲಿ?" ಎಂದ. ಬಾಗಿಲಲ್ಲಿ ನಡೆದದ್ದನ್ನೆಲ್ಲ ಹೇಳಿದ. ಅತ್ತೆ ಪಕ್ಕದಲ್ಲೇ ನಿಂತು ಕೇಳಿದರು, ಒಂದು ಮಾತನ್ನೂ ಅಲ್ಲಗಳೆಯಲಿಲ್ಲ. ಆಮೇಲೆ ನನ್ನ ಅಪ್ಪನ ಮುಂದೆ ಹೋಗಿ ಕೈ ಮುಗಿದು ನಿಂತರು. ಗಂಡಿನ ತಾಯಿ ಹೆಣ್ಣಿನ ಅಪ್ಪನಿಗೆ ಕೈ ಮುಗಿಯುವುದನ್ನು ಆ ಬೀದಿ ಹಿಂದೆ ಕಂಡಿರಲಿಲ್ಲ.

"ಅವನು ಹೇಳಕ್ಕೆ ಬಂದ. ನಾನು ಹೇಳಗೊಡಲಿಲ್ಲ. ನಾಟಕಕ್ಕೆ ಕರ್ಕೊಂಡು ಹೋದೆ" ಎಂದರು.

ಅಪ್ಪ ನನ್ನ ಕಡೆ ನೋಡಿ, "ಮಗು ಊಟ ಮಾಡಿತೇ?" ಎಂದು ಕೇಳಿದರು.

ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಅತ್ತೆಯೂ ಎತ್ತಲಿಲ್ಲ. ನನಗೆ ಅವರ ಮೇಲೆ ಕೋಪ ಬರಬೇಕಿತ್ತು. ಒಲೆ ಮುಂದೆ ಕೂತು ಕೋಪವನ್ನು ಹುಡುಕಿದ್ದೇನೆ. ಸಿಗಲಿಲ್ಲ. ಪ್ರೀತಿಯನ್ನೂ ಹುಡುಕಿದೆ, ಅದೂ ಆ ದಿನಗಳಲ್ಲಿ ಸಿಗಲಿಲ್ಲ. ಕೆಲಸ ಮಾಡಿಕೊಂಡಿದ್ದೆ.

ಆದರೆ ಮನೆಯಲ್ಲಿ ಒಂದು ಸಂಗತಿ ಬದಲಾಯಿತು. ಬಾಗಿಲಿಗೆ ಯಾರೇ ಬರಲಿ, ಅತ್ತೆ "ಮೊದಲು ಹೇಳು, ಆಮೇಲೆ ಮಿಕ್ಕಿದ್ದು" ಎನ್ನುತ್ತಿದ್ದರು. ತರಕಾರಿಯವಳು ಒಂದು ದಿನ ಬುಟ್ಟಿ ಇಳಿಸಿ, "ಯೋಳಾಕೇನೈತೆ ಕಣವ್ವ, ಬದನೆಕಾಯಿ" ಎಂದಳು. ನನಗೆ ನಗು ಬಂತು. ಅಮ್ಮ ಹೋದ ಮೇಲೆ ಬಂದ ಮೊದಲ ನಗು. ಅತ್ತೆ ನಗಲಿಲ್ಲ. ನಾನು ನಕ್ಕದ್ದನ್ನು ಮಾತ್ರ ಬಾಗಿಲಲ್ಲೇ ನಿಂತು ನೋಡಿದರು.

ಮರುವರ್ಷ ಮೈಸೂರಿಗೆ ಮತ್ತೆ ಕಂಪನಿ ಬಂತು. ಅತ್ತೆಯವರ ಕಣ್ಣು ಕೆಂಪಾಗಲಿಲ್ಲ. ಕಾಯಿಲೆಯ ನೆಪ ಹೇಳದೆ, "ಹುಡುಗಿಗೆ ನಾಟಕ ತೋರಿಸಬೇಕು" ಎಂದು ಮಾವನವರಿಗೆ ನೇರವಾಗಿ ಹೇಳಿದರು. ಅಂದು ಕಿಂಡಿಯ ಮುಂದೆ ಬಳೆ ಏರಿಸಿ, ಬಟ್ಟೆ ಕಟ್ಟಿ, ಹರಳೆಣ್ಣೆ ಹಚ್ಚಿ ಟಿಕೆಟ್ ತಂದರು. ಒಂದೇ ಟಿಕೆಟ್.

"ನಿಮಗೆ?"

"ನೀನು ನೋಡಿ ಬಂದು ಹೇಳು. ನಾನು ಇಲ್ಲೇ ಇರ್ತೀನಿ."

ಥೇಟರಿನ ತಗಡಿನ ಗೋಡೆಗೆ ಒರಗಿ ಒಂದು ಕಲ್ಲಿನ ಮೇಲೆ ಕೂತರು, ಆಟ ಮುಗಿಯುವವರೆಗೂ. ವರ್ಷಕ್ಕೆ ಎರಡು ಮೂರು ಬಾರಿ, ಅವರು ಇರುವವರೆಗೂ ಇದೇ ಪದ್ಧತಿ ನಡೆಯಿತು. ಬೆಂಚಿನ ಎರಡನೇ ಸಾಲಿನಲ್ಲಿ ನಾನು, ಹೊರಗೆ ಕಲ್ಲಿನ ಮೇಲೆ ಅತ್ತೆ.

ಬರುವಾಗ ರೈಲಿನಲ್ಲಿ ಕಥೆ ಹೇಳಬೇಕು. ನೇರವಾಗಿ ಹೇಳಿದರೆ ನನಗೇನು ಸುಖ? ಕೊನೆಯನ್ನು ತಿರುಗಿಸಿ ಹೇಳುತ್ತಿದ್ದೆ. ಬದುಕಿದ ರಾಜನನ್ನು ಸಾಯಿಸುತ್ತಿದ್ದೆ, ಸತ್ತ ಖಳನನ್ನು ಬದುಕಿಸಿ ಸಿಂಹಾಸನದ ಮೇಲೆ ಕೂರಿಸುತ್ತಿದ್ದೆ. ಅತ್ತೆ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದು ಕೊನೆಯಲ್ಲಿ ಒಂದೇ ಮಾತು ಹೇಳುತ್ತಿದ್ದರು. "ಸುಳ್ಳಿ."

"ಯಾಕೆ ಅತ್ತೆ?"

"ರಾಜ ಸತ್ತಿದ್ರೆ ಕೊನೇ ಪದಾನ ಆ ಧಾಟೀಲಿ ಹಾಡ್ತಾರೇನೇ? ತಗಡಿನಾಚೆ ಕೂತಿದ್ರೂ ಕಿವಿ ಇದೆ ನನಗೆ."

ಒಮ್ಮೆಯೂ ಅವರಿಗೆ ಮೋಸ ಮಾಡಲಾಗಲಿಲ್ಲ. ಪದ, ಹಾರ್ಮೋನಿಯಂ, ಹೆಂಗಸರ ನಗು ಇಷ್ಟರಲ್ಲೇ ಇಡೀ ನಾಟಕವನ್ನು ಕಟ್ಟಿಕೊಂಡಿರುತ್ತಿದ್ದರು. ಹಾಗಿದ್ದರೂ ಪ್ರತಿ ಬಾರಿ "ಹೇಳು" ಎನ್ನುತ್ತಿದ್ದರು, ನಾನು ಪ್ರತಿ ಬಾರಿ ತಿರುಗಿಸುತ್ತಿದ್ದೆ. ಬೇರೆ ಯಾವ ಮಾತಿನಲ್ಲೂ ಆಗದ್ದು ನಮಗೆ ಅದರಲ್ಲಿ ಆಗುತ್ತಿತ್ತು ಎಂದು ಈಗ ತೋರುತ್ತದೆ. ಆಗ ಹಾಗೇನೂ ತೋರಿರಲಿಲ್ಲ.

ಸ್ವಾತಂತ್ರ್ಯ ಬಂದಾದ ಮೇಲೆ ಅತ್ತೆಗೆ ಹೊಟ್ಟೆಯಲ್ಲಿ ಗೆಡ್ಡೆ ಎಂದರು. ಹಾಸನದ ಆಸ್ಪತ್ರೆಗೆ ಸೇರಿಸಿದೆವು. ಮಾವನವರು ಹೊರಗೆ ಬೆಂಚಿನ ಮೇಲೆ, ನಾನು ಒಳಗೆ. ಒಂದು ಮಧ್ಯಾಹ್ನ ಎಳನೀರು ಬಾಯಿಗೆ ಬಿಡುತ್ತಿದ್ದೆ. ಕೈ ಅಡ್ಡ ಹಿಡಿದರು. ಕೈ ಎಷ್ಟು ಸೊರಗಿತ್ತೆಂದರೆ ಬಳೆಗಳು ಮೊಳಕೈಗೆ ಜಾರಿ ಆ ಕಲೆ ಪೂರ್ತಿ ಕಾಣುತ್ತಿತ್ತು.

"ಅವತ್ತಿಂದು, ಕೊನೆಗೆ ಏನಾಯ್ತೇ?" ಎಂದು ಕೇಳಿದರು.

"ಯಾವತ್ತಿಂದು ಅತ್ತೆ?"

"ಅದೇ. ಅಡುಗೆಭಟ್ಟಂದು. ಕಾಡಿಗೆ ಹೋದ್ಲಲ್ಲ ರಾಣಿ. ಕೊನೆಗೆ ಏನಾಯ್ತು?"

ಪಕ್ಕದಲ್ಲೇ ಕೂತು, ಕಣ್ಣು ನೆಟ್ಟು ನೋಡಿದವರು. ತಗಡಿನಾಚೆಯಿಂದ ಕೇಳಿದ ನಾಟಕಗಳೆಲ್ಲ ಬಾಯಿಪಾಠವಾಗಿದ್ದವರು. ಎದುರಿಗೇ ನಡೆದ ಆ ಒಂದು ನಾಟಕ ಅವರ ಕಣ್ಣಿಗೆ ಬಿದ್ದಿರಲೇ ಇಲ್ಲ. ಅದು ನನಗೆ ತಿಳಿದದ್ದು ಆಗ.

ನಾನು ಹೇಳಲು ಬಾಯಿ ತೆರೆದೆ. ರಾಣಿ ಕಾಡಿಗೆ ಹೋದದ್ದು ಗೊತ್ತು, ಭಟ್ಟ ಮರ ಹತ್ತಿದ್ದು ಗೊತ್ತು. ಮುಂದಿನದು ನನ್ನಲ್ಲೂ ಇರಲಿಲ್ಲ. ಸ್ಟೇಷನ್ನಿನಲ್ಲಿ ನಿಂತ ಗಳಿಗೆಯಲ್ಲಿ ಎಲ್ಲೋ ಹೋಗಿತ್ತು.

"ಭಟ್ಟ ದಾರಿ ತೋರಿಸಿದ ಅತ್ತೆ" ಎಂದೆ. "ರಾಣಿ ಕಾಡಿನಿಂದ ನೇರವಾಗಿ ತವರಿಗೆ ಬಂದಳು. ಅವಳ ತಾಯಿ ಜೀವ ಹಿಡಿದುಕೊಂಡು ಕಾದಿದ್ದಳು. ಹೋಗಿ ಮುಖ ನೋಡಿದಳು."

ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. "ಹೊತ್ತಿಗೆ ಸರಿಯಾಗಿ ಬಂದ್ಲಾ?"

"ಬಂದಳು ಅತ್ತೆ."

ನಾನು ಕಾದೆ. ಅವರು "ಸುಳ್ಳಿ" ಎನ್ನಲಿಲ್ಲ. ಎಳನೀರು ಕುಡಿದರು.

ಮರುದಿನ ಬೆಳಿಗ್ಗೆ ಹೋದರು. ಮುತ್ತೈದೆ ಸಾವು, ಹೊಸ ಹಸಿರು ಬಳೆ ತೊಡಿಸಬೇಕು. ಬಳೆ ತಂದ ಹೆಂಗಸು, ಕೈ ಸೆಟೆದಿದೆ, ಏರುವುದಿಲ್ಲ, ಒಡೆದುಹೋಗುತ್ತದೆ ಎಂದಳು. ನಾನು ಹರಳೆಣ್ಣೆ ತರಿಸಿದೆ. ಬೆರಳಿನಿಂದ ಮೊಳಕೈವರೆಗೆ ಹಚ್ಚಿ ತಿಕ್ಕಿದೆ. ಒಂದೊಂದಾಗಿ ಜಾರಿ ಏರಿದವು. ಒಂದೂ ಒಡೆಯಲಿಲ್ಲ. ಕಲೆ ಮುಚ್ಚಿಕೊಂಡಿತು. ಆಗಲೂ ನಾನು ಅಳಲಿಲ್ಲ. ಬಳೆ ತಂದವಳು ಅತ್ತಳು, ಪಾಪ.

ಇದನ್ನು ಓದಿ ನೋಡಿದ ಮರಿಮಗಳು, ಆ ಕಥೆ ಯಾವುದೆಂದು ಫೋನಿನಲ್ಲಿ ಹುಡುಕಿದರೆ ಸಿಗಬಹುದು, ಕೊನೆಗೆ ಏನಾಯಿತು ಎಂದು ತಿಳಿಯುತ್ತದೆ ಎನ್ನುತ್ತಾಳೆ. ಹುಡುಕಬೇಡ ಎಂದಿದ್ದೇನೆ. ನಾನು ಹೇಳಿದ ಕೊನೆಯನ್ನು ಅತ್ತೆಯವರು ಒಪ್ಪಿಕೊಂಡು ಹೋಗಿದ್ದಾರೆ.